ಎಂಟನೇ ಕ್ಲಾಸಿನ ಮಕ್ಕಳಿಗೆ ಡಿಸೈನ್ ಥಿಂಕಿಂಗ್ ಹೇಳಿಕೊಡಬೇಕು, ಎಲ್ಲಿಂದ ಶುರು ಮಾಡಲಿ?

ವಿಜ್ಞಾನ_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ. ತ್ರೀಡಿ ಪ್ರಿಂಟರ್, ಆರ್ಡುಯಿನೋ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು, ಸೆನ್ಸರ್ ಎಲ್ಲ ಇದೆ. ಮಕ್ಕಳಿಗೆ ಹುಮ್ಮಸ್ಸೂ ಇದೆ. ಆದರೆ ಪ್ರತಿ ವರ್ಷ ಪ್ರದರ್ಶನಕ್ಕೆ ಬರುವುದು ಅವೇ ಎರಡು ಮೂರು ಮಾದರಿ. ಕೈ ಹತ್ತಿರ ತಂದರೆ ಮುಚ್ಚಳ ತೆರೆಯುವ ಸ್ಮಾರ್ಟ್ ಕಸದ ಬುಟ್ಟಿ. ಅಡ್ಡ ಏನಾದರೂ ಬಂದರೆ ಬೀಪ್ ಅನ್ನುವ ಅಂಧರ ಕೋಲು. ಯೂಟ್ಯೂಬ್ ನೋಡಿ ಚೆನ್ನಾಗಿಯೇ ಜೋಡಿಸುತ್ತಾರೆ. "ಇದು ಯಾರಿಗೆ ಬೇಕು? ಅವರನ್ನು ಕೇಳಿದೆಯಾ?" ಅಂದರೆ ಉತ್ತರ ಇಲ್ಲ.

ಅದಕ್ಕೇ ಈ ಸಲ ಡಿಸೈನ್ ಥಿಂಕಿಂಗ್, ಅಂದರೆ ಜನರಿಂದ ಶುರುವಾಗುವ ವಿನ್ಯಾಸ ಹೇಳಿಕೊಡೋಣ ಅಂತಿದ್ದೇನೆ. ಶನಿವಾರ ಬೆಳಗಿನ ಶಾಲೆಯ ಕೊನೆಯ ಎರಡು ಪೀರಿಯಡ್ ಸಿಕ್ಕಿದೆ. ಐದು ಹಂತದ ಚಾರ್ಟ್ ನನ್ನ ಹತ್ತಿರ ಇದೆ: ಜನರನ್ನು ಅರಿಯುವುದು, ಸಮಸ್ಯೆ ಗುರುತಿಸುವುದು, ಐಡಿಯಾ, ಮಾದರಿ, ಪರೀಕ್ಷೆ. ಅದನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಬಾಯಿಪಾಠ ಮಾಡಿ ಬಿಡುತ್ತಾರೆ. ಮೊದಲ ಶನಿವಾರ ಏನು ಮಾಡಿಸಲಿ? ಮಾಡಿಸಿದ ಅನುಭವ ಇರುವವರು ದಯವಿಟ್ಟು ಹೇಳಿ.

ಗೆರೆ_ಬಣ್ಣ
ಸರ್, ಮೊದಲ ದಿನ ಚಾರ್ಟ್ ತೋರಿಸಲೇಬೇಡಿ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ಶಾಲೆ ಡಿ.ಸ್ಕೂಲ್‌ನವರು ಹೊಸಬರಿಗೆ ಮಾಡಿಸುವ ಒಂದು ಚಟುವಟಿಕೆ ಇದೆ. ಅಲ್ಲಿ ಪರ್ಸ್ ಮೇಲೆ ಮಾಡಿಸುತ್ತಾರೆ. ನೀವು ಶಾಲೆಯ ಬ್ಯಾಗ್ ಮೇಲೆ ಮಾಡಿಸಿ.

ಮೊದಲು "ಎಲ್ಲಕ್ಕಿಂತ ಒಳ್ಳೆಯ ಬ್ಯಾಗ್ ಬಿಡಿಸಿ" ಅನ್ನಿ. ಐದು ನಿಮಿಷ ಸಾಕು. ಎಲ್ಲರೂ ಚಕ್ರ, ಲೈಟು, ಚಾರ್ಜರ್ ಹಾಕುತ್ತಾರೆ. ಆಮೇಲೆ ಆ ಚಿತ್ರ ಪಕ್ಕಕ್ಕೆ ಇಡಿಸಿ. ಇಬ್ಬಿಬ್ಬರನ್ನು ಜೋಡಿ ಮಾಡಿ. ಒಬ್ಬರು ಇನ್ನೊಬ್ಬರ ಬ್ಯಾಗ್ ಬಿಚ್ಚಿಸಿ ನೋಡಬೇಕು. ಒಳಗೆ ಏನಿದೆ, ಯಾವುದು ಯಾಕೆ ಅಲ್ಲಿದೆ, ಬೆಳಿಗ್ಗೆ ಮನೆಯಿಂದ ಹೊರಟಾಗಿನಿಂದ ಏನಾಯಿತು ಅಂತ ಕೇಳಬೇಕು. ಮತ್ತೆ ಒಂದು ಸುತ್ತು ಇನ್ನೂ ಆಳವಾಗಿ. ಆಮೇಲೆ ಅವರೊಬ್ಬರಿಗಾಗಿ ಬ್ಯಾಗ್ ಬಿಡಿಸಿ, ರಟ್ಟು ಕಾಗದದಲ್ಲಿ ಮಾಡಿ, ಅವರ ಕೈಗೆ ಕೊಡಬೇಕು. ಕೊನೆಯಲ್ಲಿ ಮೊದಲ ಚಿತ್ರ, ಎರಡನೇ ಚಿತ್ರ ಪಕ್ಕಪಕ್ಕ ಇಡಿಸಿ. ನೀವು ಏನೂ ಹೇಳುವುದೇ ಬೇಕಿಲ್ಲ.

ಹಳೇ_ಇಂಜಿನಿಯರ್
ಗೆರೆ_ಬಣ್ಣ ಹೇಳಿದ್ದು ಒಂದು ದಿನದ ಮಟ್ಟಿಗೆ ಸರಿ. ಆದರೆ ಅದು ಕೋಣೆಯೊಳಗಿನ ಆಟ. ಜೋಡಿಯಲ್ಲಿರುವ ಇಬ್ಬರೂ ಒಂದೇ ವಯಸ್ಸು, ಒಂದೇ ಊರು, ಒಂದೇ ಬೆಂಚು. ತನಗಿಂತ ಬೇರೆ ಥರ ಬದುಕುವವರನ್ನು ನೋಡದೆ ಈ ವಿದ್ಯೆ ಹತ್ತುವುದಿಲ್ಲ. ಮಕ್ಕಳನ್ನು ಗೇಟಿನ ಆಚೆ ಕಳಿಸಿ ಮೇಷ್ಟ್ರೇ.

ನಮ್ಮ ರಾಜ್ಯದ್ದೇ ಕಥೆ ಹೇಳುತ್ತೇನೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಐಐಎಸ್‌ಸಿ) 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಅಂತ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡುವುದು ಅದರ ಕೆಲಸ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅವರದ್ದೊಂದು ಕೇಂದ್ರ. ಅಲ್ಲೇ ಹತ್ತಿರದ ಪುರ ಅನ್ನುವ ಚಿಕ್ಕ ಊರಿನಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲ ಯೋಚನೆ ಅಡುಗೆಗೆ ಗ್ಯಾಸ್ ಕೊಡುವುದು. ಕೇಳಿದರೆ ಯಾರಿಗಾದರೂ ಸರಿ ಅನಿಸುತ್ತದೆ, ಅಲ್ವಾ? ಆದರೆ ಇಡೀ ಊರಿನ ಅಡುಗೆಗೆ ಸಾಕಾಗುವಷ್ಟು ಗ್ಯಾಸ್ ಬರಲಿಲ್ಲ. ಸೌದೆ ಹೇಗೂ ದುಡ್ಡು ಕೊಡದೆ ಸಿಗುತ್ತಿತ್ತು. ಊರವರಿಗೆ ಅದಕ್ಕಿಂತ ಮೊದಲು ಬೇಕಿದ್ದದ್ದು ಕುಡಿಯುವ ನೀರು, ಮನೆಗೆ ಬೆಳಕು. 1987ರಿಂದ ಅದೇ ಗ್ಯಾಸಿನಿಂದ ಇಂಜಿನ್ ಓಡಿಸಿ, ಕರೆಂಟ್ ತೆಗೆದು, ಕೊಳವೆಬಾವಿಯ ನೀರು ಎತ್ತಿ, ಊರಿಗೆ ನೀರು, ಲೈಟು ಕೊಟ್ಟರು. ಸಗಣಿ ತಂದವರಿಗೆ ಗ್ಯಾಸ್ ತೆಗೆದ ಮೇಲೆ ಉಳಿಯುವ ಸ್ಲರಿ ವಾಪಸ್, ಜೊತೆಗೆ ಸ್ವಲ್ಪ ಕೂಲಿ. ಆಮೇಲೆ ವರ್ಷಗಟ್ಟಲೆ ನಡೆಯಿತು. ಸ್ಥಾವರದ ಹಿಂದಿನ ವಿಜ್ಞಾನ ಅದೇ. ಯಾವುದಕ್ಕೆ ಅನ್ನುವುದು ಮಾತ್ರ ಬದಲಾಯಿತು.

ಎಂಟನೇ ಕ್ಲಾಸಿನ ಮಕ್ಕಳಿಗೆ ಇದು ಪೂರ್ತಿ ಅರ್ಥವಾಗುತ್ತದೆ.

ಕಲ್ಪತರು_ನಾಡು
ಉಂಗ್ರ ಅಂದರೆ ಕುಣಿಗಲ್ ತಾಲ್ಲೂಕಿನದ್ದೇ? ಅಸ್ತ್ರ ಒಲೆ ಬಂದದ್ದೂ ಅವರಿಂದಲೇ ಅಲ್ವಾ? ನಮ್ಮಜ್ಜಿ ಮನೆಯಲ್ಲಿತ್ತು. ಮೂರು ಪಾತ್ರೆ ಒಟ್ಟಿಗೆ ಇಡಬಹುದಿತ್ತು, ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತಿತ್ತು.

ಹಳೇ_ಇಂಜಿನಿಯರ್
ಹೌದು, ಅದೇ ಉಂಗ್ರ, ಅದೇ ಅಸ್ತ್ರ.

ಕೋಡ್_ಮನೆ
ಬೇಜಾರು ಮಾಡಿಕೊಳ್ಳಬೇಡಿ, ಆದರೆ ಈ ಡಿಸೈನ್ ಥಿಂಕಿಂಗ್ ಅನ್ನುವುದು ಕಂಪನಿಗಳಲ್ಲಿ ಬಣ್ಣದ ಚೀಟಿ ಅಂಟಿಸುವ ಕಾರ್ಯಕ್ರಮ ಆಗಿದೆ. ನಮ್ಮ ಆಫೀಸಿನಲ್ಲೂ ಇಡೀ ದಿನ ಗೋಡೆ ತುಂಬ ಚೀಟಿ ಅಂಟಿಸಿದರು. ಒಬ್ಬ ಗ್ರಾಹಕನನ್ನೂ ಕರೆದಿರಲಿಲ್ಲ. ಒಳ್ಳೆಯ ಇಂಜಿನಿಯರ್‌ಗಳು ಇದನ್ನು ಮೊದಲಿಂದಲೂ ಮಾಡುತ್ತಲೇ ಬಂದಿದ್ದಾರೆ. ಊರೂರಿನಲ್ಲಿ ಇರುವ ಇಂಡಿಯಾ ಮಾರ್ಕ್ 2 ಕೈಪಂಪ್ ನೋಡಿ. ಮೊದಲಿನ ಬೀಡು ಕಬ್ಬಿಣದ ಪಂಪ್‌ಗಳು ಯುರೋಪ್, ಅಮೆರಿಕದ ಒಂದೊಂದು ತೋಟದ ಮನೆಗೆ ಮಾಡಿದ್ದರ ನಕಲು. ಇಲ್ಲಿ ಇಡೀ ಊರು ಬೆಳಿಗ್ಗೆಯಿಂದ ರಾತ್ರಿವರೆಗೆ ಒತ್ತಿದರೆ ಎಷ್ಟು ದಿನ ಬಂದೀತು? ಅದಕ್ಕೇ 1970ರ ದಶಕದಲ್ಲಿ ಸೊಲ್ಲಾಪುರದಲ್ಲಿ ಮಾಡಿದ್ದ ಪಂಪ್ ಮಾದರಿಯಾಗಿ ಇಟ್ಟುಕೊಂಡು, ಯುನಿಸೆಫ್ ಜೊತೆ ಸೇರಿ, ಕೊಯಮತ್ತೂರು ಕಡೆ ಬಳಸಿ ನೋಡಿ ಹೊಸ ಪಂಪ್ ಮಾಡಿದರು. ಆಗ ಯಾರೂ ಇದಕ್ಕೆ ದೊಡ್ಡ ಹೆಸರು ಇಟ್ಟಿರಲಿಲ್ಲ. ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಗಟ್ಟಿಯಾಗಿ ಹೇಳಿಕೊಡಿ, ಉಳಿದದ್ದು ಸಾಮಾನ್ಯ ಜ್ಞಾನ.

ಗೆರೆ_ಬಣ್ಣ
@ಕೋಡ್_ಮನೆ ನೀವು ಕೊಟ್ಟ ಉದಾಹರಣೆಯೇ ನನ್ನ ವಾದ. ಮಾರ್ಕ್ 2 ಮಾಡಿದವರು ಬಳಸುವವರು ಯಾರು, ಎಷ್ಟು ಜನ, ದಿನಕ್ಕೆ ಎಷ್ಟು ಹೊತ್ತು ಅಂತ ನೋಡಿದರು. ಅದು ತಾನಾಗಿ ಬರುವುದಿಲ್ಲ.

ಇದೇ ನೀರಿನ ವಿಷಯದಲ್ಲೇ ಪ್ಲೇಪಂಪ್ ಅಂತ ಬಂತು. ಮಕ್ಕಳು ತಿರುಗುಮಣೆ ಆಡಿದರೆ ನೀರು ಮೇಲೆ ಬರುತ್ತದೆ ಅನ್ನುವ ಐಡಿಯಾ. ದಕ್ಷಿಣ ಆಫ್ರಿಕಾದಲ್ಲಿ ಶುರುವಾಯಿತು. 2006ರಲ್ಲಿ ಅಮೆರಿಕದಲ್ಲಿ ಅದಕ್ಕೆ 1.6 ಕೋಟಿ ಡಾಲರ್‌ಗಿಂತ ಹೆಚ್ಚಿನ ನೆರವು ಘೋಷಣೆಯಾಯಿತು. ಅಲ್ಲಿದ್ದವರೆಲ್ಲ ಬುದ್ಧಿವಂತರೇ. ಆದರೆ ಮಕ್ಕಳು ಆಡದ ಹೊತ್ತಿನಲ್ಲಿ ನೀರು ಬೇಕಾದರೆ? ಮೊಜಾಂಬಿಕ್‌ನ ಹಳ್ಳಿಗಳಲ್ಲಿ ಹೆಂಗಸರು ಆ ಚಕ್ರವನ್ನು ಕೈಯಲ್ಲಿ ತಿರುಗಿಸಬೇಕಾಯಿತು. ಮೊದಲಿದ್ದ ಕೈಪಂಪ್ ಇದಕ್ಕಿಂತ ಸುಲಭ ಇತ್ತು ಅಂದರು. ಕೆಟ್ಟರೆ ರಿಪೇರಿಯೂ ಕಷ್ಟ. ಸಾಮಾನ್ಯ ಜ್ಞಾನ ಎಲ್ಲಿ ಹೋಯಿತು ಹೇಳಿ?

ಕೋಡ್_ಮನೆ
ಒಪ್ಪಿದೆ. ಚೀಟಿ ಅಂಟಿಸುವುದನ್ನು ಮಾತ್ರ ಒಪ್ಪಲ್ಲ.

ನರ್ಸ್_ಅಕ್ಕ
ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನಲ್ಲಿದ್ದೇನೆ. ಮಕ್ಕಳಿಗೆ ಹೇಳುವುದಾದರೆ ಎಂಬ್ರೇಸ್ ಕಥೆ ಹೇಳಿ ಸರ್. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಚೀಲ. ಬೆಂಗಳೂರಿನವರು ಕಂಡುಹಿಡಿದದ್ದು.

ಡಬ್ಲಿನ್_ಕನ್ನಡಿಗ
ಅಕ್ಕ, ಚಿಕ್ಕ ತಿದ್ದುಪಡಿ. ಅದು ಶುರುವಾದದ್ದು ಸ್ಟ್ಯಾನ್‌ಫೋರ್ಡ್‌ನ ಒಂದು ಕ್ಲಾಸಿನಲ್ಲಿ, 2007ರಲ್ಲಿ. ಬೆಂಗಳೂರಿಗೆ ಬಂದದ್ದು ಆಮೇಲೆ. ಅವರಿಗೆ ಕೊಟ್ಟ ಕೆಲಸ ಅಗ್ಗದ ಇನ್‌ಕ್ಯುಬೇಟರ್ ಮಾಡುವುದು. ತಂಡದವರು ನೇಪಾಳದ ಆಸ್ಪತ್ರೆಗೆ ಹೋಗಿ ನೋಡಿದರೆ ಇನ್‌ಕ್ಯುಬೇಟರ್‌ಗಳು ಖಾಲಿ! ಯಾಕಂದರೆ ಕೂಸುಗಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ. ಆಸ್ಪತ್ರೆಗೆ ಬರುವಷ್ಟರಲ್ಲಿ ತಡವಾಗುತ್ತಿತ್ತು. ಹಾಗಾಗಿ ಕರೆಂಟ್ ಇಲ್ಲದೆ ಗಂಟೆಗಟ್ಟಲೆ 37 ಡಿಗ್ರಿ ಇಟ್ಟುಕೊಳ್ಳುವ, ಮೇಣದಂಥ ವಸ್ತುವಿನ ಪೊಟ್ಟಣ ಇರುವ ಚೀಲ ಮಾಡಿದರು.

ನರ್ಸ್_ಅಕ್ಕ
ತಿದ್ದಿದ್ದಕ್ಕೆ ಥ್ಯಾಂಕ್ಸ್ ತಮ್ಮಾ. ನನಗೆ ಅದರಲ್ಲಿ ಹಿಡಿಸಿದ್ದು ಆಮೇಲಿನ ಭಾಗ. ಮೊದಲ ಮಾದರಿಯಲ್ಲಿ ಉಷ್ಣತೆ ತೋರಿಸುವ ಅಂಕಿಗಳಿದ್ದವು. ಭಾರತದ ಹಳ್ಳಿಯಲ್ಲಿ ಒಬ್ಬ ತಾಯಿ, 37ಕ್ಕೆ ಇಡಿ ಅಂದರೆ ನಾನು 30ಕ್ಕೇ ಇಡುತ್ತೇನೆ ಅಂದಳಂತೆ. ಇಂಗ್ಲಿಷ್ ಔಷಧ ಬಲು ಜೋರು, ಮಗುವಿಗೆ ಕಮ್ಮಿ ಕೊಡುವುದೇ ಒಳ್ಳೆಯದು ಅನ್ನುವ ಲೆಕ್ಕ. ಆಮೇಲೆ ಅಂಕಿ ತೆಗೆದು, ಸರಿ ಇದೆ ಅಥವಾ ಇಲ್ಲ ಅಂತ ಮಾತ್ರ ತೋರಿಸುವ ಹಾಗೆ ಮಾಡಿದರು.

ನಮ್ಮ ವಾರ್ಡಿನಲ್ಲಿ ಇದು ದಿನಾ ನಡೆಯುತ್ತದೆ. ಟಾನಿಕ್ ಎರಡು ಚಮಚ ಅಂದರೆ ಅಜ್ಜಿಯರು ಒಂದೇ ಕೊಡುತ್ತಾರೆ. ಆ ಅಜ್ಜಿಯನ್ನು ದಡ್ಡಿ ಅಂತ ಬಯ್ಯುವವರು ಜಾಸ್ತಿ. ಅವಳು ಮೊಮ್ಮಗುವನ್ನು ಕಾಪಾಡುತ್ತಿದ್ದಾಳೆ. ಅದನ್ನು ಮೊದಲು ನೋಡಿದರೆ ಮುಂದಿನದ್ದು ಸುಲಭ.

ಕತ್ತಲಲ್ಲೂ_ದಾರಿ
ನನಗೆ ಕಣ್ಣು ಕಾಣುವುದಿಲ್ಲ. ಸ್ಕ್ರೀನ್ ರೀಡರ್‌ನಲ್ಲಿ ಈ ಚರ್ಚೆ ಕೇಳುತ್ತಿದ್ದೇನೆ. ಬೀಪ್ ಅನ್ನುವ ಕೋಲಿನ ಬಗ್ಗೆ ಹೇಳಬೇಕು.

ಪ್ರದರ್ಶನಗಳಲ್ಲಿ ಆ ಕೋಲನ್ನು ನನ್ನ ಕೈಗೆ ಕೊಟ್ಟು "ಹೇಗಿದೆ ಸರ್?" ಅಂತಾರೆ. ಮಗುವಿನ ಖುಷಿ ಹಾಳು ಮಾಡಬಾರದು ಅಂತ ಚೆನ್ನಾಗಿದೆ ಅನ್ನುತ್ತೇನೆ. ಮಾತು ಅಲ್ಲಿಗೇ ಮುಗಿಯುತ್ತದೆ. ನೆಲದ ಮೇಲಿನ ಕಲ್ಲು, ಮೆಟ್ಟಿಲು, ಗುಂಡಿ ನನ್ನ ಬಿಳಿ ಕೋಲಿಗೇ ಗೊತ್ತಾಗುತ್ತದೆ. ಅದಕ್ಕೆ ಸೆನ್ಸರ್ ಬೇಡ. ನನ್ನ ಹಣೆಗೆ ಬಡಿಯುವುದು ಅಂಗಡಿ ಮುಂದೆ ಇಳಿಬಿಟ್ಟ ಬೋರ್ಡು, ಮರದ ಕೊಂಬೆ, ನಿಂತ ಲಾರಿಯ ಹಿಂಭಾಗ. ಕೋಲು ಅದರ ಅಡಿಯಲ್ಲಿ ಸುಲಭವಾಗಿ ಹೋಗಿಬಿಡುತ್ತದೆ. ಗದ್ದಲದ ರಸ್ತೆಯಲ್ಲಿ ಬೀಪ್ ಕೂಡ ತೊಂದರೆ. ನಾನು ಕಿವಿಯಿಂದಲೇ ರಸ್ತೆ ನೋಡುವವನು. ಅದನ್ನೇ ನೀವು ಮುಚ್ಚಿಬಿಟ್ಟರೆ?

ದೆಹಲಿ ಐಐಟಿಯವರು ಮಾಡಿದ ಸ್ಮಾರ್ಟ್‌ಕೇನ್ 2014ರಲ್ಲಿ ಬಂತು. ಅದು ಮೊಣಕಾಲಿನಿಂದ ಮೇಲಿರುವ ಅಡೆತಡೆಯನ್ನು ನಡುಕದ ಮೂಲಕ ತಿಳಿಸುತ್ತದೆ. ಯಾಕೆ ಹಾಗೆ? ವರ್ಷಗಟ್ಟಲೆ ನಮ್ಮಂಥವರ ಕೈಯಲ್ಲಿ ಕೊಟ್ಟು ನಡೆಸಿ ನೋಡಿದ್ದರು. ನಿಮ್ಮ ಮಕ್ಕಳು ಅದೇ ಸೆನ್ಸರ್ ಬಳಸುತ್ತಾರೆ ಮೇಷ್ಟ್ರೇ. ಒಂದು ಸಲ ನನ್ನಂಥವರ ಜೊತೆ ಬಸ್ ಸ್ಟ್ಯಾಂಡಿಗೆ ನಡೆದು ಬರಲಿ ಸಾಕು.

ವಿಜ್ಞಾನ_ಮೇಷ್ಟ್ರು
@ಕತ್ತಲಲ್ಲೂ_ದಾರಿ ಸರ್, ಇದನ್ನು ನನ್ನ ಮಕ್ಕಳಿಗೆ ಓದಿ ಹೇಳಲು ನಿಮ್ಮ ಒಪ್ಪಿಗೆ ಇದೆಯಾ?

ಕತ್ತಲಲ್ಲೂ_ದಾರಿ
ಖಂಡಿತ. ಓದಿದ ಮೇಲೆ ಅವರ ಪ್ರಶ್ನೆಗಳನ್ನೂ ಇಲ್ಲಿ ಹಾಕಿ.

ಹುಬ್ಬಳ್ಳಿ_ಮಂದಿ
ಬಸ್ ಅಂದಕೂಡಲೇ ನೆನಪಾಯಿತು. ಮೆಟ್ಟಿಲು ಎಷ್ಟು ಎತ್ತರ! ನಮ್ಮವ್ವ ಸೀರೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಹತ್ತುವುದರೊಳಗೆ ಕಂಡಕ್ಟರ್ ಸೀಟಿ ಊದಿರುತ್ತಾನೆ. ಬಸ್ ಡಿಸೈನ್ ಮಾಡುವವರು ಅವರ ತಾಯಿಯನ್ನು ಕರಕೊಂಡು ಒಂದು ಸಲ ಹತ್ತಿಸಲಿ.

ಕಲ್ಪತರು_ನಾಡು
ಬಸ್ಸಿನ ಮುಂದಿನ ಬೋರ್ಡೂ ಅಷ್ಟೇ. ಓಡುವ ಅಕ್ಷರ ಇದ್ದರೆ ಊರ ಹೆಸರು ಬರುವಷ್ಟರಲ್ಲಿ ಬಸ್ಸೇ ಹೋಗಿರುತ್ತದೆ. ಹಳೇ ಬಣ್ಣದ ಬೋರ್ಡೇ ಮೇಲು.

ಹುಬ್ಬಳ್ಳಿ_ಮಂದಿ
ರಾತ್ರಿ ಬಣ್ಣದ ಬೋರ್ಡು ಎಲ್ಲಿ ಕಾಣುತ್ತದೆ? ಲೈಟಿನದ್ದೇ ಇರಲಿ, ಅಕ್ಷರ ಓಡದೆ ನಿಲ್ಲಲಿ.

ನಿರ್ವಾಹಕ
ಬಸ್ ವಿಷಯ ಮುಖ್ಯವೇ, ಆದರೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಮಕ್ಕಳಿಗೆ ಕಲಿಸುವ ಬಗ್ಗೆ ಮಾತಾಡೋಣ.

ಮಲೆನಾಡ_ಟೀಚರ್
ನಾನು ಹಿರಿಯ ಪ್ರಾಥಮಿಕದಲ್ಲಿ ಇದನ್ನು ಮಾಡಿಸಿದ್ದೇನೆ. ಹೊರಗೆ ಕಳಿಸಲು ಅನುಮತಿ ಇತ್ಯಾದಿ ತಲೆನೋವು ಇತ್ತು. ಹಾಗಾಗಿ ಶಾಲೆಯೊಳಗಿನ ದೊಡ್ಡವರನ್ನೇ ಹಿಡಿದೆವು: ಬಿಸಿಯೂಟದ ಅಕ್ಕಂದಿರು. ಮಕ್ಕಳು ದಿನಾ ಅವರ ಕೈಯಲ್ಲಿ ಉಣ್ಣುತ್ತಾರೆ, ಆದರೆ ಅವರ ಕೆಲಸ ನೋಡಿರಲಿಲ್ಲ.

ಹೋಗುವ ಮೊದಲು ಮಕ್ಕಳ ಊಹೆ ಬರೆಸಿದೆ. ಹೊಗೆ, ಗ್ಯಾಸ್ ಸೋರಿಕೆ, ಈರುಳ್ಳಿ ಹೆಚ್ಚುವ ಯಂತ್ರ ಅಂತ ಬರೆದರು. ಆಮೇಲೆ ಸರದಿಯಂತೆ ಕೂತು ನೋಡಿದರು. ಮಾತಾಡಬಾರದು, ಸಹಾಯವನ್ನೂ ಮಾಡಬಾರದು, ಕಂಡದ್ದನ್ನು ಬರೆಯಬೇಕು. ಅವರಿಗೆ ಕಂಡದ್ದು ಬೇರೆ. ಸಾಂಬಾರಿನ ದೊಡ್ಡ ಪಾತ್ರೆಯನ್ನು ಒಲೆಯಿಂದ ಇಳಿಸುವ ಹೊತ್ತಿಗೆ ಇಬ್ಬರು ಅಕ್ಕಂದಿರೂ ಮಾತು ನಿಲ್ಲಿಸುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಳೇ ಬಟ್ಟೆಯಲ್ಲಿ ಪಾತ್ರೆಯ ಅಂಚು ಹಿಡಿದು, ಬಾಗಿಲ ಹೊಸ್ತಿಲು ದಾಟಿ, ಜಗಲಿಗೆ ತಂದು ಇಡುತ್ತಿದ್ದರು. ಒಂದು ಹುಡುಗಿ ಬರೆದಿದ್ದಳು: "ಹೊಸ್ತಿಲ ಹತ್ತಿರ ದೊಡ್ಡ ಅಕ್ಕ ಉಸಿರು ಬಿಗಿ ಹಿಡಿಯುತ್ತಾರೆ." ನಾನು ಎಷ್ಟು ವರ್ಷದಿಂದ ಆ ಅಡುಗೆಮನೆ ಮುಂದೆ ಓಡಾಡುತ್ತಿದ್ದೇನೆ, ನನಗೂ ಅದು ಕಂಡಿರಲಿಲ್ಲ.

ಆಮೇಲೆ ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಬರೆಸಿದೆ. ಯಾರಿಗೆ, ಏನು ಮಾಡಬೇಕಾಗಿದೆ, ಯಾಕೆ ಕಷ್ಟ. "ಅಡುಗೆ ಅಕ್ಕಂದಿರು ಬಿಸಿ ಪಾತ್ರೆಯನ್ನು ಎತ್ತದೆ ಜಗಲಿಗೆ ತರಬೇಕು, ಯಾಕಂದರೆ ಹೊಸ್ತಿಲಲ್ಲಿ ಕಾಲು ಎಡವಿದರೆ ಸುಡುತ್ತದೆ." ಯಂತ್ರದ ಹೆಸರು ಆ ವಾಕ್ಯದಲ್ಲಿ ಬರಬಾರದು ಅನ್ನುವುದೊಂದೇ ನಿಯಮ.

ಮಕ್ಕಳು ಚಕ್ರದ ಹಲಗೆ ಮಾಡಿದರು. ತಂಪು ನೀರು ತುಂಬಿದ ಪಾತ್ರೆ ಇಟ್ಟು ತೋರಿಸಿದರೆ ಅಕ್ಕ ತಲೆ ಆಡಿಸಿದರು. ಹೊಸ್ತಿಲು ದಾಟುವಾಗ ಚೆಲ್ಲುತ್ತಿತ್ತು. ಕೊನೆಗೆ ಅಕ್ಕನೇ ಕೇಳಿದರು: "ಪಾತ್ರೆ ಯಾಕೆ ಹೊರಗೆ ಬರಬೇಕು? ಕಿಟಕಿಯಿಂದಲೇ ಬಡಿಸಿದರೆ?" ಕಿಟಕಿ ಹತ್ತಿರ ಗಟ್ಟಿ ಮೇಜು ಇಟ್ಟು, ಸಾಂಬಾರನ್ನು ಚಿಕ್ಕ ಬಕೆಟಿಗೆ ತುಂಬಿ ಕೊಡಲು ಶುರು ಮಾಡಿದರು. ಈಗಲೂ ಹಾಗೇ ನಡೆಯುತ್ತಿದೆ. ಆರ್ಡುಯಿನೋ ಬೇಕಾಗಲಿಲ್ಲ.

ವಿಜ್ಞಾನ_ಮೇಷ್ಟ್ರು
ಮೇಡಂ, ಓದಿ ಬಹಳ ಖುಷಿಯಾಯಿತು. ಆದರೆ ನನ್ನ ಕಷ್ಟ ನೋಡಿ. ಲ್ಯಾಬ್ ನೋಡಲು ಬಂದವರು "ಪ್ರಿಂಟರ್ ಯಾಕೆ ಬಳಸಿಲ್ಲ?" ಅಂತ ಕೇಳುತ್ತಾರೆ. ಕಿಟಕಿ ಹತ್ತಿರದ ಮೇಜು ತೋರಿಸಿದರೆ ಒಪ್ಪುತ್ತಾರಾ?

ಹಳೇ_ಇಂಜಿನಿಯರ್
ಮೊದಲ ತಿಂಗಳು ಪ್ರಿಂಟರ್‌ಗೆ ಬೀಗ ಹಾಕಿ. ರಟ್ಟು, ದಾರ, ಗಮ್ ಟೇಪ್, ಹಳೇ ಪೇಪರ್. ಅಷ್ಟೇ.

ಕೋಡ್_ಮನೆ
ಬೀಗ ಹಾಕುವುದು ತಪ್ಪು. ಹಳ್ಳಿ ಮಕ್ಕಳಿಗೆ ಇಂಥ ಯಂತ್ರ ಮುಟ್ಟಲು ಸಿಗುವುದೇ ಅಪರೂಪ. ಪೇಟೆ ಮಕ್ಕಳು ರೋಬೋಟ್ ಮಾಡಲಿ, ನಮ್ಮ ಮಕ್ಕಳು ರಟ್ಟು ಕತ್ತರಿಸಲಿ ಅಂತಾನಾ? ನಾನು ಸರ್ಕಾರಿ ಶಾಲೆಯಲ್ಲಿ ಓದಿದವನು. ಕಂಪ್ಯೂಟರ್ ಕೋಣೆಗೆ ಸದಾ ಬೀಗ ಇರುತ್ತಿತ್ತು. ಹಾಳಾಗುತ್ತದೆ ಅಂತ ಹೇಳುತ್ತಿದ್ದರು. ಇನ್ನೊಂದು ಬೀಗ ಬೇಡ.

ಮಲೆನಾಡ_ಟೀಚರ್
ಕೋಡ್_ಮನೆ ಹೇಳಿದ್ದು ನ್ಯಾಯ. ಬೀಗ ಬೇಡ. ಆದರೆ ಸರದಿ ಇರಲಿ. ರಟ್ಟಿನ ಮಾದರಿಯನ್ನು ಬಳಸುವವರು ಮುಟ್ಟಿ ನೋಡಿದ ಮೇಲೆ ಪ್ರಿಂಟರ್. ರಟ್ಟಿನದ್ದನ್ನು "ಇದು ಸರಿ ಇಲ್ಲ" ಅನ್ನಲು ಯಾರಿಗೂ ಸಂಕೋಚ ಇಲ್ಲ. ನುಣುಪಾಗಿ ಬಣ್ಣ ಹಚ್ಚಿ ತಂದುಕೊಟ್ಟರೆ ಪಾಪ ಮಗು ಕಷ್ಟಪಟ್ಟಿದೆ ಅಂತ ಚೆನ್ನಾಗಿದೆ ಅಂದುಬಿಡುತ್ತಾರೆ. ಮೇಲೆ ಕತ್ತಲಲ್ಲೂ_ದಾರಿ ಸರ್ ಹೇಳಿದ ಹಾಗೆ.

ಡಬ್ಲಿನ್_ಕನ್ನಡಿಗ
ಮಾದರಿ ವಿಷಯಕ್ಕೆ ಜೈಪುರ ಕಾಲು ಒಳ್ಳೆಯ ಉದಾಹರಣೆ. 1968ರ ಸುಮಾರಿಗೆ ಶಿಲ್ಪಿ ರಾಮಚಂದ್ರ ಶರ್ಮಾ, ಡಾ. ಪಿ.ಕೆ. ಸೇಠಿ ಸೇರಿ ಮಾಡಿದ್ದು. ಅಲ್ಲಿಯವರೆಗೆ ಸಿಗುತ್ತಿದ್ದ ಕಾಲಿಗೆ ಶೂ ಹಾಕಲೇಬೇಕಿತ್ತು. ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರಗಾಲಲ್ಲಿ ಕೂರಲು, ಗದ್ದೆ ಕೆಸರಿನಲ್ಲಿ ಬರಿಗಾಲಲ್ಲಿ ನಡೆಯಲು ಆಗುತ್ತಿರಲಿಲ್ಲ. ಇವರು ರಬ್ಬರ್, ಮರ ಬಳಸಿ ಬಾಗುವ ಪಾದ ಮಾಡಿದರು. ವೈದ್ಯರ ಜ್ಞಾನ, ಕುಶಲಕರ್ಮಿಯ ಕೈ ಎರಡೂ ಬೇಕಾಯಿತು. ಊರಿನ ಬಡಗಿ, ದರ್ಜಿಯನ್ನೂ ಲ್ಯಾಬಿಗೆ ಕರೆಸಿ ಸರ್.

ಬಿಸಿಲನಾಡು
ವಸ್ತು ಮಾತ್ರ ಡಿಸೈನ್ ಅಲ್ಲ ಅಂತಲೂ ಹೇಳಿಕೊಡಿ. ಸೋಲಾರ್ ಕಂಪನಿ ಸೆಲ್ಕೋದ ಹರೀಶ್ ಹಂದೆಯವರು ಹೇಳುವ ಮಾತೊಂದಿದೆ. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಕಟ್ಟುವುದು ಭಾರ, ದಿನಕ್ಕೆ 10 ರೂಪಾಯಿ ಆದರೆ ಕಟ್ಟಬಹುದು. ದುಡ್ಡು ಅಷ್ಟೇ ತಾನೇ? ಆದರೆ ಅವರಿಗೆ ದುಡ್ಡು ಬರುವುದು ದಿನದ ಲೆಕ್ಕದಲ್ಲಿ. 1995ರಿಂದ ಅವರು ಸೋಲಾರ್ ದೀಪ ಕೊಡುತ್ತಾ ಬಂದಿರುವುದರಲ್ಲಿ ದೀಪದಷ್ಟೇ ಕಂತಿನ ಯೋಚನೆಯೂ ಇದೆ.

ಹುಬ್ಬಳ್ಳಿ_ಮಂದಿ
ಇದು ಖರೇ. ನಮ್ಮ ಓಣಿಯ ತರಕಾರಿಯವರೂ ದಿನದ ಪಿಗ್ಮಿಯನ್ನೇ ಕಟ್ಟುವುದು.

ನರ್ಸ್_ಅಕ್ಕ
ಪ್ರಶ್ನೆ ಕೇಳುವುದನ್ನು ಚೆನ್ನಾಗಿ ಅಭ್ಯಾಸ ಮಾಡಿಸಿ ಸರ್. "ನಿಮಗೆ ಏನು ಸಮಸ್ಯೆ?" ಅಂದರೆ ನಮ್ಮ ಜನ "ಏನಿಲ್ಲಪ್ಪ, ಎಲ್ಲ ಚೆನ್ನಾಗಿದೆ" ಅನ್ನುತ್ತಾರೆ. ಮನೆಗೆ ಬಂದ ಮಗುವಿನ ಮುಂದೆ ಯಾರು ಕಷ್ಟ ಹೇಳಿಕೊಳ್ಳುತ್ತಾರೆ? ಮಗು ಕೈಯಲ್ಲಿ ಪೆನ್ನು, ಹಾಳೆ ಹಿಡಿದು ನಿಂತರೆ ಸರ್ಕಾರದ ಸರ್ವೆ ಅಂತಲೂ ಅಂದುಕೊಳ್ಳುತ್ತಾರೆ. ಅದಕ್ಕೆ "ಇವತ್ತು ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡಿದಿರಿ ಅಜ್ಜಿ?" ಅಂತ ಕೇಳಲಿ. "ಹೇಗೆ ಮಾಡುತ್ತೀರಿ ತೋರಿಸಿ" ಅನ್ನಲಿ. ತೋರಿಸುವಾಗ ಕೈ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬಟ್ಟೆ ಸುತ್ತಿಕೊಂಡಿದ್ದಾರೆ, ಯಾವುದಕ್ಕೆ ದಾರ ಕಟ್ಟಿ ಇಟ್ಟಿದ್ದಾರೆ ನೋಡಲಿ. ಬಿಪಿ ಮಾತ್ರೆ ಪಟ್ಟಿಗೆ ಬೆಳಿಗ್ಗೆಯದಕ್ಕೆ ಒಂದು ಬಣ್ಣದ ದಾರ, ರಾತ್ರಿಯದಕ್ಕೆ ಇನ್ನೊಂದು ಬಣ್ಣದ ದಾರ ಕಟ್ಟಿಕೊಂಡ ಅಜ್ಜಿಯರನ್ನು ನಾನು ನೋಡಿದ್ದೇನೆ. ಅವರಾಗಲೇ ಅರ್ಧ ಉತ್ತರ ಹುಡುಕಿಕೊಂಡಿರುತ್ತಾರೆ.

ಗೆರೆ_ಬಣ್ಣ
ಅಕ್ಕ ಹೇಳಿದ ದಾರದ ಮಾತಿಗೆ ನನ್ನ ಪೂರ್ತಿ ಮತ. ನಾವು ಕೆಲಸದಲ್ಲಿ ಮೊದಲು ಹುಡುಕುವುದೇ ಅದನ್ನು. ಮೇಷ್ಟ್ರೇ, ಮನೆಗೆ ಹೋಗಿ ಇಂಥ ಹೊಂದಾಣಿಕೆ ಹುಡುಕಿ ತರಲು ಹೇಳಿ. ಹೋಂವರ್ಕ್ ಅದೊಂದೇ ಸಾಕು. ಬಾಗಿಲಿಗೆ ಸಿಕ್ಕಿಸಿದ ಕಾಗದ, ಬಿಂದಿಗೆ ಕೆಳಗಿನ ಸಿಂಬೆ, ಕೈ ಬಿಟ್ಟುಹೋದ ಬಾಣಲೆಗೆ ಸುತ್ತಿದ ಬಟ್ಟೆ.

ವಿಜ್ಞಾನ_ಮೇಷ್ಟ್ರು
ಹೀಗೆ ಮಾಡೋಣ ಅಂದುಕೊಂಡಿದ್ದೇನೆ. ಮೊದಲ ಶನಿವಾರ ಬ್ಯಾಗ್. ವಾರದ ನಡುವೆ ಮನೆಯಲ್ಲಿ ಹೊಂದಾಣಿಕೆ ಹುಡುಕುವುದು. ಎರಡನೇ ಶನಿವಾರದಿಂದ ನಾಲ್ಕು ಗುಂಪು: ಅಡುಗೆ ಅಕ್ಕಂದಿರು, ಶಾಲೆ ಎದುರಿನ ಸೈಕಲ್ ರಿಪೇರಿಯವರು, ಅಂಗನವಾಡಿ ಟೀಚರ್, ಊರಿನ ಹೂ ಕಟ್ಟುವವರು. ಯಾವ ಗುಂಪೂ ಒಂದೇ ಸಲ ಹೋಗಿ ಮುಗಿಸುವಂತಿಲ್ಲ, ಮಾದರಿ ಹಿಡಿದು ಅವರ ಹತ್ತಿರವೇ ವಾಪಸ್ ಹೋಗಬೇಕು. ಅಂಕ ಹೇಗೆ ಕೊಡಲಿ ಅನ್ನುವುದೊಂದು ಬಾಕಿ.

ಕೋಡ್_ಮನೆ
ಮಾದರಿ ಕೆಲಸ ಮಾಡಿತಾ ಇಲ್ಲವಾ ಅನ್ನುವುದಕ್ಕೂ ಅಂಕ ಇರಲಿ. ಬರೀ ಒಳ್ಳೆಯ ಮನಸ್ಸಿಗೆ ಅಂಕ ಕೊಟ್ಟರೆ ಕೈಕೆಲಸ ಕಲಿಯಲ್ಲ.

ಮಲೆನಾಡ_ಟೀಚರ್
ನಾನು ನೋಟ್‌ಬುಕ್ಕಿಗೆ ಅರ್ಧ ಅಂಕ ಇಟ್ಟಿದ್ದೆ. ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಅದರಿಂದ ಅನಿಸಿದ್ದು. ಎರಡನ್ನೂ ಬೆರೆಸಿದರೆ ಅಂಕ ಕಟ್. ಉಳಿದರ್ಧ, ಎರಡನೇ ಸಲ ಹೋಗಿ ಬಂದ ಮೇಲೆ ಮಾದರಿಯಲ್ಲಿ ಏನು ಬದಲಾಯಿಸಿದರು ಅನ್ನುವುದಕ್ಕೆ. ಕೋಡ್_ಮನೆಯವರ ಮಾತು ಅಲ್ಲಿಗೆ ಬರುತ್ತದೆ.

ಕತ್ತಲಲ್ಲೂ_ದಾರಿ
ಅಂಕವನ್ನು ಮೇಷ್ಟ್ರು ಒಬ್ಬರೇ ಯಾಕೆ ಕೊಡಬೇಕು? ಹೂ ಕಟ್ಟುವವರು, ಅಡುಗೆ ಅಕ್ಕಂದಿರು ಸ್ವಲ್ಪ ಅಂಕ ಕೊಡಲಿ. ಯಾರಿಗಾಗಿ ಮಾಡಿದ್ದೋ ಅವರಿಗೆ ಬೇಡ ಅನ್ನುವ ಹಕ್ಕು ಇರಬೇಕು.

ನರ್ಸ್_ಅಕ್ಕ
ಒಂದು ವಿಷಯ ಯಾರೂ ಹೇಳಿಲ್ಲ. ಅವರ ಮನೆಯ ಫೋಟೋ ತೆಗೆದು ಗ್ರೂಪಿಗೆ ಹಾಕುವುದು ಬೇಡ. ಬಚ್ಚಲು, ಅಡುಗೆಮನೆ, ಔಷಧ ಎಲ್ಲ ಕಾಣುತ್ತದೆ. ಮೊದಲು ಕೇಳಿ, ಒಪ್ಪಿದರೆ ಮಾತ್ರ.

ವಿಜ್ಞಾನ_ಮೇಷ್ಟ್ರು
ಸರಿ ಮೇಡಂ. ಫೋನ್ ಬೇಡ ಅನ್ನುತ್ತೇನೆ, ಚಿತ್ರ ಬಿಡಿಸಿಕೊಂಡು ಬರಲಿ. ಅಂಕದ ಹಾಳೆಯಲ್ಲಿ ಬಳಸಿದವರಿಗೆ ಒಂದು ಕಾಲಂ ಸೇರಿಸುತ್ತಿದ್ದೇನೆ. ಅವರಿಗೆ ಓದಲು ಬಾರದಿದ್ದರೆ ಏನು ಮಾಡುವುದು? ನಗುವ ಮುಖ, ಬೇಸರದ ಮುಖ ಇಟ್ಟರೆ ಸಾಕಾ?

ಗೆರೆ_ಬಣ್ಣ
ನಗುವ ಮುಖ ಬೇಡ, ಎಲ್ಲರೂ ಅದನ್ನೇ ಒತ್ತುತ್ತಾರೆ. ಮಾದರಿಯನ್ನು ಒಂದು ವಾರ ಅವರ ಹತ್ತಿರವೇ ಬಿಟ್ಟು ಬರಲಿ. ಮುಂದಿನ ಶನಿವಾರ ಹೋದಾಗ ಅದು ಬಳಕೆಯಲ್ಲಿದೆಯಾ, ಮೂಲೆಯಲ್ಲಿದೆಯಾ ಅಂತ ನೋಡಿ ಬರೆಯಲಿ.